ಗೃಹಿಣಿಯ ಮಿತವ್ಯಯ: ಒಂದು ಅರ್ಥವಿಚಾರ

ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವು ಗೃಹಿಣಿಯ ಗುಣಗಳನ್ನು ಎಣಿಸುವಲ್ಲಿ ಅವಳು ‘ವ್ಯಯಪರಾಙ್ಮುಖಿ’ಯಾಗಿರಬೇಕೆಂದು ವಿಧಿಸುತ್ತದೆ. ಮನುವೂ ತನ್ನ ಐದನೆಯ ಅಧ್ಯಾಯದಲ್ಲಿ, ವೆಚ್ಚದಲ್ಲಿ ಅವಳ ಕೈ ಸಡಿಲವಾಗಿರಬಾರದೆಂದು ಹೇಳಿದ್ದಾನೆ. ಮೇಲೆಮೇಲೆ ಓದುವವರಿಗೆ, ಶಾಸ್ತ್ರಕಾರರು ಲೋಭವನ್ನೇ ಗೃಹಿಣಿಯ ಧರ್ಮವೆಂದರೋ ಎಂಬ ಶಂಕೆ ಹುಟ್ಟುವುದು ಸಹಜ. ಪಾಠ ಹೇಳುವಾಗ ಈ ಪದಕ್ಕೆ ‘ಖರ್ಚು ಮಾಡದವಳು’ ಎಂದಷ್ಟೇ ಅರ್ಥ ಹೇಳಿ ಮುಂದೆ ಸಾಗುವುದೂ ಉಂಟು. ಹಾಗೆ ಮಾಡಿದರೆ, ಮನೆವಾರ್ತೆಯು ನಮ್ಮಲ್ಲಿ ಒಂದು ವಿದ್ಯೆಯಾಗಿ ಬೆಳೆದಿತ್ತೆಂಬ ಸಂಗತಿಯೇ ಮರೆಯಾಗುತ್ತದೆ. ಆದುದರಿಂದ ಆ ಪದದ ತಾತ್ಪರ್ಯವನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸತಕ್ಕದ್ದಾಗಿದೆ.

ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು, ಕ್ರಿ. ಶ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ವೆಚ್ಚಮಾಡುವುದನ್ನೇ ಶೀಲವಾಗಿ ಉಳ್ಳವಳಾಗಬಾರದೆಂದು ಅವನು ಈ ಪದವನ್ನು ಬಿಡಿಸುತ್ತಾನೆ. ನಿಷಿದ್ಧವಾದುದು ವೆಚ್ಚದ ಚಾಳಿಯೇ ಹೊರತು ವೆಚ್ಚವಲ್ಲ. ಅದೇ ಶ್ಲೋಕದ ‘ಸಂಯತೋಪಸ್ಕರಾ’ ಎಂಬ ಪದಕ್ಕೆ ಅವನು ಕೊಟ್ಟ ವಿವರಣೆ ಇನ್ನೂ ಗಮನಾರ್ಹವಾದುದು. ಒರಳು, ಒನಕೆ, ಮೊರಗಳು ಕುಟ್ಟುವ ಸ್ಥಳದಲ್ಲಿಯೇ ಇರಬೇಕು. ಹೀಗೆ ಮನೆಯ ಪ್ರತಿಯೊಂದು ಉಪಕರಣವೂ ತನ್ನ ತನ್ನ ಎಡೆಯಲ್ಲಿರಬೇಕು. ಇದ್ದ ವಸ್ತು ಕೈಗೆ ಸಿಕ್ಕದಿದ್ದರೆ ಹೊಸದನ್ನು ಕೊಳ್ಳಬೇಕಾಗುವುದು ಲೋಕಾನುಭವವಷ್ಟೆ. ಎರಡು ಪದಗಳನ್ನೂ ಕೂಡಿಸಿ ಓದಿದರೆ, ಮಿತವ್ಯಯಕ್ಕೆ ಮೂಲವು ವ್ಯವಸ್ಥೆಯೆಂಬುದು ಸ್ಪಷ್ಟವಾಗುತ್ತದೆ.

ಈ ವ್ಯವಸ್ಥೆಯ ವಿವರಗಳು ಧರ್ಮಶಾಸ್ತ್ರಕ್ಕಿಂತ ವಾತ್ಸ್ಯಾಯನನ ಕಾಮಸೂತ್ರದ ಭಾರ್ಯಾಧಿಕಾರಿಕದಲ್ಲಿ ಹೆಚ್ಚಾಗಿ ದೊರೆಯುತ್ತವೆ. ಗೃಹಿಣಿಯು ಮೂಲಂಗಿ, ಸೌತೆ, ಬದನೆ, ಕುಂಬಳ, ಸೋರೆ ಮೊದಲಾದವುಗಳ ಬೀಜಗಳನ್ನು ಸಂಗ್ರಹಿಸಿಟ್ಟು ಕಾಲಕ್ಕೆ ಸರಿಯಾಗಿ ಬಿತ್ತಬೇಕು. ಮಣ್ಣು, ಬಿದಿರು, ಮರ, ತೊಗಲು, ಲೋಹಗಳ ಪಾತ್ರೆಗಳನ್ನು ಬೆಲೆ ಅಗ್ಗವಾಗಿರುವ ಸಮಯದಲ್ಲಿ ಕೊಳ್ಳಬೇಕು. ಉಂಡು ಮಿಕ್ಕ ಹಾಲುಮೊಸರುಗಳಿಂದ ತುಪ್ಪವನ್ನು ಮಾಡಬೇಕು. ಹತ್ತಿಯನ್ನು ನೂಲಬೇಕು, ನೂಲನ್ನು ನೇಯಬೇಕು. ಗಂಜಿ, ಹೊಟ್ಟು, ನುಚ್ಚು, ಇದ್ದಲುಗಳನ್ನು ಕೂಡ ಉಪಯೋಗಕ್ಕೆ ತರಬೇಕು. ಹಳೆಯ ಬಟ್ಟೆಗಳನ್ನು ಕೂಡಿಟ್ಟು, ಒಗೆದು ಅಥವಾ ಬಣ್ಣಹಾಕಿ, ಕೆಲಸಮಾಡಿದ ಪರಿಚಾರಕರಿಗೆ ಕೊಡಬೇಕು. ಇವೆಲ್ಲಕ್ಕೂ ಮೇಲಾಗಿ, ವರ್ಷದ ಆದಾಯವನ್ನು ಲೆಕ್ಕಹಾಕಿ ಅದಕ್ಕೆ ತಕ್ಕಂತೆ ವ್ಯಯಮಾಡಬೇಕು. ಪತಿಯು ಅತಿಯಾಗಿಯಾಗಲಿ ಅನುಚಿತವಾಗಿಯಾಗಲಿ ವೆಚ್ಚಮಾಡಿದರೆ ಏಕಾಂತದಲ್ಲಿ ತಿಳಿಯಹೇಳಬೇಕೆಂಬ ಮಾತೂ ಅಲ್ಲಿಯೇ ಇದೆ. ಸ್ತ್ರೀಗೆ ಸ್ವಾತಂತ್ರ್ಯವನ್ನು ಒಪ್ಪದ ಮನುವು ಕೂಡ ಧನದ ಸಂಗ್ರಹ ಮತ್ತು ವ್ಯಯಗಳಲ್ಲಿ ಅವಳನ್ನು ನಿಯೋಜಿಸಬೇಕೆಂದು ಒಂಬತ್ತನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹೀಗಿರಲು, ಗೃಹಿಣಿಯು ಮನೆಯ ಆಯವ್ಯಯವನ್ನು ಬಲ್ಲವಳೆಂದು ಶಾಸ್ತ್ರವು ಭಾವಿಸಿತ್ತೆಂಬುದರಲ್ಲಿ ಸಂದೇಹವಿಲ್ಲ.

ಮನೆಗೆ ಸಲ್ಲುವ ಈ ನ್ಯಾಯವು ಅರಮನೆಗೂ ಸಂದಿತು. ಮೈಸೂರಿನ ಪ್ರಾಚ್ಯಕೋಶಾಗಾರದ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಅಧ್ಯಕ್ಷನಿಗೆ ಹೀಗೆ ವಿಧಿಸಿದೆ: ಸಂಗ್ರಹದಲ್ಲಿ ಅರ್ಧವನ್ನು ಜನಪದದ ಆಪತ್ಕಾಲಕ್ಕೆ ಮೀಸಲಿಟ್ಟು ಉಳಿದರ್ಧವನ್ನು ಬಳಸಬೇಕು, ಹೊಸತು ಬಂದಾಗ ಹಳತನ್ನು ತೆಗೆದು ಅದರ ಎಡೆಯಲ್ಲಿ ಹೊಸತನ್ನು ಇಡಬೇಕು, ಇದ್ದಲು ಮತ್ತು ಹೊಟ್ಟುಗಳನ್ನು ಲೋಹದ ಕೆಲಸಕ್ಕೂ ಗೋಡೆಯ ಗಿಲಾವಿಗೂ ಕೊಡಬೇಕು. ಆದರೆ ಅದೇ ಪ್ರಕರಣದಲ್ಲಿ ಇಡಿಯ ಅಕ್ಕಿ ಆರ್ಯನಿಗೆ, ನುಚ್ಚು ದಾಸರಿಗೂ ಕೆಲಸದವರಿಗೂ ಅಡುಗೆಯವರಿಗೂ ಎಂದು ವಿಭಾಗಿಸಿರುವುದನ್ನು ನಾವು ಮರೆಮಾಚಲಾಗದು. ಏನೂ ಹಾಳಾಗದಂತೆ ನೋಡಿಕೊಂಡ ಈ ಜಾಣ್ಮೆಯು, ಯಾರಿಗೆ ಏನು ಸಲ್ಲಬೇಕೆಂಬಲ್ಲಿ ಮೇಲುಕೀಳನ್ನು ಬಿಡಲಿಲ್ಲ.

ಈ ಕೊರತೆಗೆ ಉತ್ತರವು ವಿಜ್ಞಾನೇಶ್ವರನಿದ್ದ ಕಲ್ಯಾಣದಲ್ಲಿಯೇ, ಅವನಿಂದೀಚೆಗೆ ಕೆಲವೇ ದಶಕಗಳಲ್ಲಿ ದೊರೆಯಿತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಶರಣ ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಪತ್ನಿ ಲಕ್ಕಮ್ಮನು ಅದು ತಮಗೆ ಸಲ್ಲದೆಂದು ತಿಳಿಸಿ, ಮಿಕ್ಕುದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಹೇಳಿದಳೆಂದು ಶರಣಪರಂಪರೆಯು ತಿಳಿಸುತ್ತದೆ. ಅಪವ್ಯಯವನ್ನು ತಡೆದವರು ಬಹಳ ಮಂದಿ. ಅತಿಸಂಗ್ರಹವೂ ದೋಷವೆಂದು ಕಂಡವಳು ಲಕ್ಕಮ್ಮ. ಪತಿಗೆ ತಿಳಿಯಹೇಳಬೇಕೆಂಬ ವಾತ್ಸ್ಯಾಯನನ ವಿಧಿಯು ಇಲ್ಲಿ ಬಡವರ ಮನೆಯೊಳಗೆ ಹೊಸ ಅರ್ಥವನ್ನು ಪಡೆಯಿತು. ನೆಲಕ್ಕೆ ಉದುರಿದ ಅಕ್ಕಿಯೇ ಜಂಗಮರ ಪಂಕ್ತಿಗೆ ಅನ್ನವಾಯಿತು.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ: ವಸ್ತುವನ್ನು ಅದರ ಎಡೆಯಲ್ಲಿಡುವುದು, ಆಯವನ್ನು ತಿಳಿದು ವ್ಯಯಿಸುವುದು, ಮಿಕ್ಕುದನ್ನು ಕೆಡಿಸದಿರುವುದು, ಸಾಕಾದ ಮೇಲೆ ಬೇಡವೆನ್ನುವುದು, ಈ ನಾಲ್ಕೂ ಕೂಡಿದುದೇ ಮಿತವ್ಯಯ. ಲೋಭಿಯು ಮೊದಲ ಮೂರನ್ನು ಕಲಿಯಬಲ್ಲನು. ನಾಲ್ಕನೆಯದು ಅವನಿಗೆ ಸಾಧ್ಯವಿಲ್ಲ. ‘ವ್ಯಯಪರಾಙ್ಮುಖೀ’ ಎಂಬ ಪದಕ್ಕೆ ಅರ್ಥ ಹೇಳುವ ಅಧ್ಯಾಪಕರು ವಿಜ್ಞಾನೇಶ್ವರನ ಜೊತೆಗೆ ಲಕ್ಕಮ್ಮನನ್ನೂ ನೆನೆದರೆ ವಿದ್ಯಾರ್ಥಿಗಳಿಗೆ ಮಹೋಪಕಾರವಾಗುವುದು.