ಅಮ್ಮನ ಮಡಿಲು, ಹಳೆ ಕಾರಿನ ಬೆಲ್ಟು

ಕಾರಿನಲ್ಲಿ ಮಕ್ಕಳು ಎಲ್ಲಿ ಕೂರಬೇಕು? ಈ ಸಣ್ಣ ಪ್ರಶ್ನೆಗೂ ಒಂದು ಚರಿತ್ರೆ ಇದೆ. ಆ ಚರಿತ್ರೆಯ ಉದ್ದಕ್ಕೂ ಎಂಜಿನಿಯರುಗಳು ಎದುರಿಸಿದ್ದು ಒಂದು ಹಳೆಯ ನಂಬಿಕೆಯನ್ನು. ಮಗು ಅಮ್ಮನ ಮಡಿಲಲ್ಲಿದ್ದರೆ ಕ್ಷೇಮ ಅನ್ನೋ ನಂಬಿಕೆ ಅದು.

ಹಳೆ ಅಂಬಾಸಿಡರ್ ಕಾರನ್ನು ನೆನಪು ಮಾಡಿಕೊಳ್ಳಿ. ಹಿಂದಿನ ಸೀಟಿನಲ್ಲಿ ನಾಲ್ಕು ಜನ ದೊಡ್ಡವರು, ಅವರ ತೊಡೆ ಮೇಲೆ ಮಕ್ಕಳು, ಮುಂದೆ ಡ್ರೈವರ್ ಪಕ್ಕದಲ್ಲಿ ನಿಂತುಕೊಂಡೇ ಬರೋ ಇನ್ನೊಂದು ಮಗು. ಆಗ ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಇದು ನಮ್ಮಲ್ಲಷ್ಟೇ ಇದ್ದ ರೂಢಿಯೂ ಅಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲೇ ಮಕ್ಕಳ ಕಾರ್ ಸೀಟು ಮಾರಾಟಕ್ಕೆ ಬಂದಿತ್ತು, ನಿಜ. ಆದರೆ ಅದರ ಉದ್ದೇಶ ಮಗುವನ್ನು ಒಂದೆಡೆ ಕೂರಿಸೋದು, ಕಿಟಕಿಯಾಚೆ ಕಾಣುವಂತೆ ಎತ್ತರಿಸೋದು, ಅಷ್ಟೇ. ಅಪಘಾತದ ಯೋಚನೆಯೇ ಅದರಲ್ಲಿ ಇರಲಿಲ್ಲ.

1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟು ತಂದರು. ಅದಕ್ಕೂ ಮೊದಲು ಇದ್ದದ್ದು ಹೆಚ್ಚಾಗಿ ಸೊಂಟದ ಬೆಲ್ಟು. ದೊಡ್ಡವರಿಗೆ ಅದು ಸೊಂಟದ ಗಟ್ಟಿ ಮೂಳೆ ಮೇಲೆ ಕೂರುತ್ತೆ. ಮಕ್ಕಳಲ್ಲಿ ಆ ಮೂಳೆ ಇನ್ನೂ ಬೆಳೆದಿರೋದಿಲ್ಲ. ಹಾಗಾಗಿ ಬೆಲ್ಟು ಮೇಲಕ್ಕೆ ಜಾರಿ ಮೆತ್ತನೆಯ ಹೊಟ್ಟೆಗೆ ಬರುತ್ತೆ. ಡಿಕ್ಕಿಯಾದಾಗ ಅದೇ ಬೆಲ್ಟು ಕರುಳಿಗೆ, ಬೆನ್ನುಮೂಳೆಗೆ ಪೆಟ್ಟು ಕೊಡಬಹುದು. 1962ರಷ್ಟು ಹಿಂದೆಯೇ ಇಂಥ ಗಾಯಗಳಿಗೆ ‘ಸೀಟ್ ಬೆಲ್ಟ್ ಸಿಂಡ್ರೋಮ್’ ಅಂತ ಹೆಸರು ಬಿದ್ದಿತ್ತು. ಆದರೂ ಅಮೆರಿಕದಲ್ಲಿ ಹಿಂದಿನ ಸೀಟಿನ ಎರಡು ಬದಿಗೆ ಭುಜದ ಬೆಲ್ಟು ಕಡ್ಡಾಯವಾಗೋಕೆ 1989ರ ಕೊನೆಯ ತನಕ ಕಾಯಬೇಕಾಯಿತು.

ಈ ನಡುವೆ ಸ್ವೀಡನ್ನಿನಲ್ಲಿ ವೈದ್ಯ ಬರ್ಟಿಲ್ ಆಲ್ಡ್‌ಮನ್ ಬೇರೆಯದೇ ದಾರಿ ಹಿಡಿದರು. ಗಗನಯಾನಿಗಳು ಬೆನ್ನು ಕೊಟ್ಟು ಮಲಗಿ ಉಡಾವಣೆಯ ಒತ್ತಡ ತಡೆಯೋದನ್ನು ನೋಡಿ, 1964ರಲ್ಲಿ ಮಗು ಹಿಂಬದಿಗೆ ಮುಖ ಮಾಡಿ ಕೂರುವ ಸೀಟಿನ ಮಾದರಿ ಮಾಡಿದರು. ಎದುರಿನಿಂದ ಡಿಕ್ಕಿಯಾದರೆ ಬಲವೆಲ್ಲ ಎಳೆಯ ಕುತ್ತಿಗೆ ಮೇಲೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತೆ.

ಸೀಟು ಬಂತು. ನಂಬಿಕೆ ಮಾತ್ರ ಹೋಗಲಿಲ್ಲ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಶಾಸಕರ ಬೆನ್ನು ಬಿದ್ದು, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸೀಟು ಕಡ್ಡಾಯ ಮಾಡಿಸಿದರು. 1978ರ ಜನವರಿ 1ರಂದು ಜಾರಿಗೆ ಬಂದ ಈ ಕಾನೂನು ಆ ದೇಶದಲ್ಲೇ ಮೊದಲನೆಯದು. ಆದರೆ ಶಾಸಕರು ಅದರೊಳಗೆ ಒಂದು ವಿನಾಯಿತಿ ಸೇರಿಸಿದ್ದರು: ಮಗು ದೊಡ್ಡವರ ತೋಳಲ್ಲಿದ್ದರೆ ಸೀಟು ಬೇಕಿಲ್ಲ! ವಿರೋಧಿಸಿದವರು ಅದನ್ನು ‘ಮಗು ಜಜ್ಜುವ ತಿದ್ದುಪಡಿ’ ಅಂತಲೇ ಕರೆದರು.

ಯಾಕೆ ಅಂತೀರಾ? ಒಂದು ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಮಗುವನ್ನು ಹಿಡಿದಿಡೋಕೆ ಸುಮಾರು 140 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ಕೈಗೂ ಅದು ಆಗದ ಮಾತು. ಬೆಲ್ಟು ಹಾಕದ ತಾಯಿಯಾದರೆ ಅವಳ ಭಾರವೂ ಮಗುವಿನ ಮೇಲೇ ಬೀಳುತ್ತೆ. 1981ರಲ್ಲಿ ಆ ವಿನಾಯಿತಿ ಹೋಯಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನು ಬಂದಿತ್ತು.

ನಮ್ಮಲ್ಲಿ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟು ಇರಲೇಬೇಕು ಅನ್ನುತ್ತೆ. ತಪ್ಪಿದರೆ 1,000 ರೂಪಾಯಿ ದಂಡ. ಕಾನೂನು ಹೊಸದು, ಆದರೆ ಎಷ್ಟೋ ಮನೆಯ ಕಾರು ಹಳೆಯದು.

ಹಾಗಾದರೆ ಹಳೆ ಕಾರಿದ್ದವರು ಏನು ಮಾಡಬೇಕು? ಚರಿತ್ರೆಯ ಪಾಠವೇ ಇಲ್ಲಿ ದಾರಿ ತೋರಿಸುತ್ತೆ. ಸೊಂಟದ ಬೆಲ್ಟು ಮಾತ್ರ ಇರೋ ಜಾಗದಲ್ಲಿ ಬೂಸ್ಟರ್ ಇಡಬೇಡಿ. ಅದಕ್ಕೆ ಭುಜದ ಬೆಲ್ಟು ಬೇಕೇ ಬೇಕು. ತನ್ನದೇ ಪಟ್ಟಿಗಳಿರುವ ಕೆಲವು ಮಕ್ಕಳ ಸೀಟುಗಳನ್ನು ಸೊಂಟದ ಬೆಲ್ಟಿನಿಂದಲೇ ಬಿಗಿಯಬಹುದು. ಕೊಳ್ಳೋ ಮೊದಲು ಕೈಪಿಡಿ ಓದಿ, ನಿಮ್ಮ ಕಾರಲ್ಲೇ ಇಟ್ಟು ನೋಡಿ. ಬೆಲ್ಟಿನ ಅಂಚು ನೂಲು ಬಿಟ್ಟಿದ್ದರೆ, ಜಗ್ಗಿದಾಗ ಲಾಕ್ ಆಗದಿದ್ದರೆ ಬದಲಾಯಿಸಿ. ಹಿಂದೆ ಬೆಲ್ಟೇ ಇಲ್ಲದ ಕಾರಾದರೆ, ಅದನ್ನು ಕೂರಿಸೋ ಗಟ್ಟಿ ಜಾಗ ಕಾರಿನ ಚೌಕಟ್ಟಿನಲ್ಲಿ ಇದೆಯಾ ಅಂತ ಬಲ್ಲ ಮೆಕ್ಯಾನಿಕ್ ಹತ್ತಿರ ತೋರಿಸಿ. ಇಲ್ಲ ಅಂದರೆ ಮಗುವಿನ ಪ್ರಯಾಣಕ್ಕೆ ಬೇರೆ ವಾಹನವೇ ವಾಸಿ.

ಮಡಿಲು ಮಗುವಿಗೆ ನಿದ್ದೆ ಕೊಡುತ್ತೆ, ಧೈರ್ಯ ಕೊಡುತ್ತೆ. ಕಾರು ಹೊರಟ ಮೇಲೆ ಮಾತ್ರ ಆ ಕೆಲಸ ಸೀಟಿಗೆ ಬಿಡಿ.