ಯಾರ ತೋಳಿಗೆ ಸೂಜಿ, ಯಾರ ಹೆಸರಿಗೆ ಶೋಧ

ರಾಜರ ಯುದ್ಧದಲ್ಲಿ ಸತ್ತ ಆನೆ ಕುದುರೆಗಳ ಲೆಕ್ಕ ಇಟ್ಟ ದೇಶ ನಮ್ಮದು. ಔಷಧಿಯ ಚರಿತ್ರೆಯಲ್ಲೂ ಹೀಗೇ. ಶೋಧಿಸಿದ ಡಾಕ್ಟರನ ಹೆಸರಿದೆ, ಅವನಿಗೆ ಬಂದ ಪದಕದ ಹೆಸರಿದೆ, ದುಡ್ಡು ಕೊಟ್ಟ ಸಾಹುಕಾರನ ಹೆಸರು ಕಲ್ಲಿನಲ್ಲಿದೆ. ಆ ಔಷಧಿ ನಾಟುತ್ತದೋ ಇಲ್ಲವೋ ಎಂದು ಮೊದಲು ನೋಡಿದ್ದು ಯಾರ ಮೈಮೇಲೆ? ಅವರಿಗೆ ಹೆಸರಿಲ್ಲ. ಅವರು ಬರೀ ಅಂಕಿ. ಈ ಲೇಖನ ಆ ಅಂಕಿಗಳ ಬಗ್ಗೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ಕಡೆಯ ಬಡವನಿಗೆ ದೊಡ್ಡ ಬ್ಯಾನಿ ಬಂದರೆ ಕಾಣುವ ದಾರಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವುದೂ ಉಂಟು. ಎಲ್ಲಿಗೆ ಹೋದರೂ ಅದು ಡಾಕ್ಟರಕಿ ಕಲಿಸುವ ಆಸ್ಪತ್ರೆ. ದುಡ್ಡಿದ್ದವನು ನರ್ಸಿಂಗ್ ಹೋಮಿಗೆ ಹೋಗುತ್ತಾನೆ, ಅಲ್ಲಿ ಅವನು ಗಿರಾಕಿ. ದುಡ್ಡಿಲ್ಲದವನು ಕಲಿಸುವ ಆಸ್ಪತ್ರೆಗೆ ಬರುತ್ತಾನೆ, ಇಲ್ಲಿ ಅವನು ರೋಗಿಯೂ ಹೌದು, ಪಾಠವೂ ಹೌದು. ಇದು ಒಂದು ಆಸ್ಪತ್ರೆಯ ದೋಷವಲ್ಲ, ಆಧುನಿಕ ವೈದ್ಯ ಬೆಳೆದುಬಂದ ರೀತಿಯೇ ಇದು. ಬಡವರ ಮೈ ಸಿಗದೆ ವೈದ್ಯ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಅಂದಮೇಲೆ ಆ ವಿಜ್ಞಾನದ ಮೇಲೆ ನಮ್ಮ ಋಣವಲ್ಲ, ನಮ್ಮ ಹಕ್ಕಿದೆ.

ಈ ಕಥೆ ನಮ್ಮ ನೆಲದಲ್ಲಿ ಹಳೆಯದು. ದೊಡ್ಡ ಬರ ಮುಗಿದು ಸುಮಾರು ಇಪ್ಪತ್ತು ವರ್ಷ ಆಗಿತ್ತು. ಆಗ ಹಿರೇಕೆರೂರು ಕೋಡ ತಾಲ್ಲೂಕಿನ ಕಚೇರಿ ಊರು, ಶಿಗ್ಗಾಂವಿ ಬಂಕಾಪುರ ತಾಲ್ಲೂಕಿನದು. ಸವಣೂರಿಗೆ ನವಾಬ, ಉಳಿದವರಿಗೆ ಧಾರವಾಡದ ಕಲೆಕ್ಟರ್. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಅಲ್ಲಿನ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಕಲಿಸುವ ಸಂಸ್ಥೆಯಲ್ಲಿಯೇ, ಹಾಫ್ಕಿನ್ ಎಂಬ ವಿಜ್ಞಾನಿ ಲಸಿಕೆ ತಯಾರಿಸಿದ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ಅವನು. 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಈ ಮಾತನ್ನು ಮರೆಯಬಾರದು. ತನ್ನ ತೋಳು ಮುಂದೆ ಮಾಡಿ ಆಮೇಲೆ ಬೇರೆಯವರ ತೋಳು ಕೇಳಿದವರು ಬಹಳ ಮಂದಿ ಇಲ್ಲ.

ಆದರೆ ಆಮೇಲೆ ಕೇಳಿದ್ದು ಯಾರ ತೋಳು? ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನ ಕೈದಿಗಳದು. ಒಪ್ಪಿದವರಿಗೆ ಮಾತ್ರ ಹಾಕಿದರು ಎಂದು ದಾಖಲೆ ಹೇಳುತ್ತದೆ. ಕೈಗೆ ಕೋಳ ಇರುವವನ ಒಪ್ಪಿಗೆಗೆ ಏನು ಅರ್ಥ ಎಂದು ದಾಖಲೆ ಹೇಳುವುದಿಲ್ಲ. ಸೂಜಿ ಇಲ್ಲದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ಸೂಜಿ ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಮರುವರ್ಷ ಬರೋಡಾ ಸೀಮೆಯ ಉಂಢೇರಾ ಎಂಬ ಹಳ್ಳಿ. ಅಲ್ಲಿ ಒಂದೊಂದು ಮನೆಯನ್ನೇ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಸೂಜಿ, ಇನ್ನೊಂದು ಪಾಲಿಗೆ ಇಲ್ಲ. ಒಂದೇ ಒಲೆಯ ಅನ್ನ ಉಂಡವರಲ್ಲಿ ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂದು ನೋಡಿದರು. ಸೂಜಿ ಹಾಕಿದ 71 ಜನರಲ್ಲಿ 3 ಸಾವು, ಹಾಕದ 64 ಜನರಲ್ಲಿ 26 ಸಾವು. ಲಸಿಕೆ ಗೆದ್ದಿತು. ವಿಜ್ಞಾನಕ್ಕೆ ಇಷ್ಟು ಶುದ್ಧವಾದ ಪುರಾವೆ ಸಿಕ್ಕಿದ್ದು ಅಪರೂಪ. ಆ 26 ಜನರ ಮಣ್ಣಿನ ಮೇಲೆ ನಿಂತ ಪುರಾವೆ ಅದು.

ಅದೇ 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಡಿಯಿತು. ಸುಮಾರು 50 ಸಾವಿರ ಜನರ ಊರು. ಹತ್ತಿ ಗಿರಣಿ, ರೈಲ್ವೆ ಕಾರ್ಖಾನೆ, ಸಂತೆಪೇಟೆ. ಲ್ಯೂಮನ್ ಎಂಬ ಮಿಲಿಟರಿ ಡಾಕ್ಟರ್ ಊರಿನ ಬಹುಪಾಲು ಜನಕ್ಕೆ ಸೂಜಿ ಹಾಕಿಸಿದ. ಗಿರಣಿ ಕೂಲಿಗಳ, ರೈಲ್ವೆ ಕೆಲಸಗಾರರ ಲೆಕ್ಕ ಬೇರೆ ಬೇರೆ ಇಟ್ಟ. ಹುಬ್ಬಳ್ಳಿಯ ಈ ಅಂಕಿಗಳನ್ನು ಹಾಫ್ಕಿನ್ ಲಂಡನ್ನಿನ ವಿದ್ವಾಂಸರ ಮುಂದೆ ಇಟ್ಟು ವಾದಿಸಿದ. ನಮ್ಮ ಗಿರಣಿ ಕೂಲಿಯ ತೋಳು ಲಂಡನ್ನಿಗೆ ಹೋಯಿತು, ಕೂಲಿಯ ಹೆಸರು ಹುಬ್ಬಳ್ಳಿಯ ಮಣ್ಣಿನಲ್ಲೇ ಉಳಿಯಿತು.

ಜನ ಯಾಕೆ ತೋಳು ಕೊಟ್ಟರು? ಸಾವಿನ ಅಂಜಿಕೆ ಒಂದು. ಸರ್ಕಾರದ ಅಂಜಿಕೆ ಇನ್ನೊಂದು. ಸೂಜಿ ಹಾಕಿಸಿಕೊಂಡ ಚೀಟಿ ಇದ್ದರೆ ಪ್ಲೇಗ್ ಕ್ಯಾಂಪು, ಪ್ರಯಾಣದ ತಡೆ ಇಂಥವುಗಳಿಂದ ವಿನಾಯಿತಿ ಸಿಗುತ್ತಿತ್ತು. ಊರಾಗಿರಬೇಕಂದ್ರ ಚುಚ್ಚಿಸ್ಕೋ, ಇಲ್ಲಾಂದ್ರ ಕ್ಯಾಂಪಿಗೆ ನಡಿ! ಇದನ್ನು ಒಪ್ಪಿಗೆ ಎನ್ನಬೇಕೋ, ಒತ್ತಾಯ ಎನ್ನಬೇಕೋ? ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ 1897ರ ಜೂನ್ 22ರಂದು ಪುಣೆಯಲ್ಲಿ ಗುಂಡು ಹಾರಿತು. ಅಡುಗೆಮನೆಗೆ ಸೋಲ್ಜರ ಬೂಟು ನುಗ್ಗಿತೆಂಬ ಮೇಲ್ಜಾತಿಯ ಸಿಟ್ಟು ಪಠ್ಯಪುಸ್ತಕಕ್ಕೆ ಬಂತು. ಪ್ಲೇಗಿನ ಊರಿನಲ್ಲಿ ಹೆಣ ಹೊತ್ತವನ, ಗಟಾರ ಬಳಿದವನ ಸಿಟ್ಟು ಯಾವ ಪುಸ್ತಕದಲ್ಲಿದೆ? ಕೇರಿಗೆ ಬೂಟು ನುಗ್ಗುವುದು ಯಾರಿಗೂ ಸುದ್ದಿಯಲ್ಲ, ಯಾಕೆಂದರೆ ಅದು ದಿನವೂ ನುಗ್ಗುತ್ತದೆ.

ಇನ್ನು ಹಾನಗಲ್, ಹಿರೇಕೆರೂರು ಗಡಿ ದಾಟಿ ಸೊರಬದ ಕಾಡಿಗೆ ಹೋಗೋಣ. 1957. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು, ಮುಂದೆ ಜನ ಕಿಮ್ಸ್ ಎಂದು ಕರೆದದ್ದು, ಶುರುವಾದ ವರ್ಷವೇ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿದವು. ಸೌದೆಗೆ ಹೋದವರು, ದನ ಕಾಯಲು ಹೋದವರು ಜ್ವರದಿಂದ ಮಲಗಿದರು. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಬಂತು. ಅದರ ಹಿಂದೆ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನಿನ ದುಡ್ಡಿತ್ತು. ಅದೇ ಬಳಗದ ಇನ್ನೊಂದು ವೈರಸ್ಸಿನಿಂದ, ರಷ್ಯಾದ ಮಿದುಳು ಜ್ವರದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಆ ಜನಕ್ಕೆ ಹಾಕಿ ನೋಡಿದರು. ಅದು ಕಾಪಾಡಲಿಲ್ಲ.

ನಮ್ಮದೇ ಲಸಿಕೆ ಬರಲು 1990ರವರೆಗೆ ಕಾಯಬೇಕಾಯಿತು. 1990-92ರಲ್ಲಿ 72 ಹಳ್ಳಿಗಳಲ್ಲಿ 88 ಸಾವಿರ ಜನಕ್ಕೆ ಹಾಕಿ ಪರೀಕ್ಷೆ ಮಾಡಿದರು. ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ 93ರಷ್ಟು ರಕ್ಷಣೆ ಎಂದು ವರದಿ ಬಂತು. 2005ರಿಂದ 2010ರವರೆಗಿನ ಲೆಕ್ಕ ನೋಡಿದಾಗ ಅದು 62ಕ್ಕೆ ಇಳಿದಿತ್ತು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ವಿಜ್ಞಾನ ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ, ಅದೇ ಅದರ ದೊಡ್ಡತನ. ನನ್ನ ಪ್ರಶ್ನೆ ಬೇರೆ. 93 ಹೋಗಿ 62 ಆಯಿತು ಎಂಬುದನ್ನು ಇಂಗ್ಲಿಷ್ ಪತ್ರಿಕೆಯ ಓದುಗರಿಗೆ ಹೇಳಿದ ಹಾಗೆ, ದರಗು ಗುಡಿಸಲು ಕಾಡಿಗೆ ಹೋಗುವ ಹೆಣ್ಣುಮಗಳಿಗೆ ಕನ್ನಡದಲ್ಲಿ ಯಾರು ಕೂತು ಹೇಳಿದರು?

ಸೊರಬದ ಪಕ್ಕ ಸಾಗರ. 1975ರಲ್ಲಿ ಅಲ್ಲಿನ ಹಂದಿಗೋಡಿನಲ್ಲಿ ಒಂದು ಕಾಯಿಲೆ ಹೊರಜಗತ್ತಿಗೆ ಕಂಡಿತು. ಸೊಂಟ, ಮಂಡಿ ಸವೆಯುತ್ತವೆ, ನಡಿಗೆ ಹೋಗುತ್ತದೆ, ಕೆಲವರು ಕುಳ್ಳಗೇ ಉಳಿಯುತ್ತಾರೆ. ಬಂದದ್ದು ಹೆಚ್ಚಾಗಿ ಚನ್ನಂಗಿ, ಛಲವಾದಿ ಕೇರಿಗಳಿಗೆ, ಅಂದರೆ ನಮ್ಮವರಿಗೆ. ಹೈದರಾಬಾದಿನ ಪೌಷ್ಟಿಕ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ಮೊದಲು ಸಂಶಯ ಬಿದ್ದದ್ದು ತಾಟಿನ ಮೇಲೆ: ಗದ್ದೆಗೆ ಹೊಡೆದ ವಿಷ ಏಡಿಯೊಳಗೆ ಸೇರಿ, ಏಡಿ ತಿಂದವರಿಗೆ ಈ ರೋಗ ಎಂದರು. ಕೊನೆಗೆ ಇದು ವಂಶದಲ್ಲಿ ಇಳಿದುಬರುವ ಎಲುಬಿನ ರೋಗ ಎಂದು ತಿಳಿಯಿತು. ಜ್ಞಾನ ಬೆಳೆಯಿತು, ಒಳ್ಳೆಯದೇ. ಆದರೆ ಬೇರುಸಹಿತ ವಾಸಿಮಾಡುವ ಮದ್ದು ಸಿಗಲಿಲ್ಲ. ಹೊಲದ ಕೂಲಿಯಲ್ಲೇ ಬದುಕುವವನ ಸೊಂಟ ಬಿದ್ದಮೇಲೆ ಅವನಿಗೆ ಬೇಕಾದ್ದು ರೋಗದ ಲ್ಯಾಟಿನ್ ಹೆಸರಲ್ಲ. ಅವನಿಗೆ ಬೇಕಾದ್ದು ಮಾಸಾಶನ, ತುಂಡು ಭೂಮಿ, ಮಕ್ಕಳಿಗೆ ಶಾಲೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸುಮಾರು 600 ಕಪ್ಪು ಜನರನ್ನು ಸರ್ಕಾರಿ ಡಾಕ್ಟರರು ನೋಡುತ್ತ ಕೂತರು. ಅವರಲ್ಲಿ ಸಿಫಿಲಿಸ್ ಇದ್ದವರಿಗೆ, ಪೆನಿಸಿಲಿನ್ ಬಂದಮೇಲೂ ಕೊಡಲಿಲ್ಲ. ಅಲ್ಲಿ ಕಪ್ಪು ಚರ್ಮ, ಇಲ್ಲಿ ಕೇರಿ. ಮೇಜಿನ ಮೇಲೆ ಮಲಗಿದವನು ಬೇರೆ, ಮೇಜು ಒಂದೇ.

ನಾಜಿ ಡಾಕ್ಟರರ ವಿಚಾರಣೆ ಮುಗಿದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು: ಮನುಷ್ಯನ ಸ್ವಂತ ಒಪ್ಪಿಗೆ ಇಲ್ಲದೆ ಪ್ರಯೋಗ ಇಲ್ಲ. ನಮ್ಮಲ್ಲಿ 2005ರಲ್ಲಿ ಕಾನೂನು ಸಡಿಲವಾಗಿ ವಿದೇಶಿ ಔಷಧಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಇಂದೋರಿನ ಕಲಿಸುವ ಆಸ್ಪತ್ರೆಯ ಪ್ರಯೋಗಗಳ ಬಗ್ಗೆ ಗದ್ದಲ ಎದ್ದಿತು. 2012ರಲ್ಲಿ ಸ್ವಾಸ್ಥ್ಯ ಅಧಿಕಾರ ಮಂಚ್ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ಸರ್ಕಾರವೇ ಕೊಟ್ಟ ಲೆಕ್ಕ: 2005ರ ಜನವರಿಯಿಂದ 2012ರ ಜೂನ್‌ವರೆಗೆ ಪ್ರಯೋಗಗಳಲ್ಲಿದ್ದ 2,644 ಜನ ಸತ್ತರು. ಅವರಲ್ಲಿ ಪ್ರಯೋಗದಿಂದಲೇ ಸತ್ತವರು 80 ಎಂದು ಅಧಿಕಾರಿಗಳು ಒಪ್ಪಿದರು. ಉಳಿದವರು ರೋಗದಿಂದ ಸತ್ತರಂತೆ. ಇರಬಹುದು. ಆದರೆ ಕೋರ್ಟಿನ ಬಾಗಿಲು ಬಡಿಯದೆ ಈ ಅಂಕಿಯೂ ನಮ್ಮ ಕೈಗೆ ಬರುತ್ತಿರಲಿಲ್ಲ.

ಆ ಹೋರಾಟದಿಂದ ದಕ್ಕಿದ್ದನ್ನು ತಿಳಿದುಕೊಳ್ಳಬೇಕು. 2019ರ ಹೊಸ ನಿಯಮಗಳ ಪ್ರಕಾರ ಹೊಸ ಔಷಧಿಯ ಪ್ರಯೋಗಕ್ಕೆ ಸೇರುವವನಿಗೆ ಅವನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲಿ ಹೇಳಬೇಕು. ಓದಲು ಬಾರದವನಾದರೆ ಆಸ್ಪತ್ರೆಗೆ ಸೇರದ ಸಾಕ್ಷಿಯೊಬ್ಬ ಪಕ್ಕದಲ್ಲಿ ಇರಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ನಿಲ್ಲಬಾರದು. ಪ್ರಯೋಗದಿಂದ ಕೆಡುಕಾದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ. ಪ್ರಯೋಗಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ. ಅವರಲ್ಲಿ ಅರ್ಧದಷ್ಟು ಜನ ಹೊರಗಿನವರು, ಒಬ್ಬ ಹೆಣ್ಣುಮಗಳು, ಒಬ್ಬ ಸಾಮಾನ್ಯ ಮನುಷ್ಯ ಇರಲೇಬೇಕು. ಆ ಸಾಮಾನ್ಯ ಮನುಷ್ಯನ ಕುರ್ಚಿಯಲ್ಲಿ ಯಾರು ಕೂತಿದ್ದಾರೆ? ನಿವೃತ್ತ ಪ್ರೊಫೆಸರರೋ, ಹೊಲಗೇರಿಯ ಮನುಷ್ಯನೋ? ಕೇಳುವ ಹಕ್ಕು ನಮಗಿದೆ.

2010ರ ಜುಲೈನಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಗೆ ಸುರಿದುಕೊಂಡರು. ಒಕ್ಕಲೆಬ್ಬಿಸಬೇಡಿ ಎಂದು ಬಾಯಲ್ಲಿ ಹೇಳಿದ್ದನ್ನು ಯಾರೂ ಕೇಳದಾಗ ಮೈಯಿಂದ ಹೇಳಿದರು. ಈ ನಾಡು ದಲಿತನ ಮೈಯನ್ನು ನೋಡುತ್ತದೆ, ಎಣಿಸುತ್ತದೆ, ಬಳಸುತ್ತದೆ. ಅವನ ಬಾಯನ್ನು ಕೇಳಿಸಿಕೊಳ್ಳುವುದಿಲ್ಲ. ಒಪ್ಪಿಗೆ ಎಂದರೆ ಮೊದಲು ಬಾಯಿ, ಆಮೇಲೆ ಹೆಬ್ಬೆಟ್ಟು.

ಹಾಗೆಂದು ಸೂಜಿಯೇ ಬೇಡ, ಡಾಕ್ಟರೇ ಬೇಡ ಅನ್ನುವ ಮಾತಿಗೆ ಮರುಳಾಗಬೇಡಿ. ಪ್ಲೇಗು, ಸಿಡುಬು ಹೆಚ್ಚು ತಿಂದದ್ದು ನಮ್ಮ ಕೇರಿಗಳನ್ನೇ. ಬೂದಿ, ತಾಯತದ ಪುರೋಹಿತಶಾಹಿಗೆ ವಾಪಸು ಹೋಗುವುದು ಬಂಡಾಯವಲ್ಲ. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಹೋದದ್ದು ನೀರನ್ನು ಬೈಯುವುದಕ್ಕಲ್ಲ, ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕೆ. ವೈದ್ಯ ವಿಜ್ಞಾನವೂ ಅಂಥದೇ ಒಂದು ಕೆರೆ. ಅದನ್ನು ತುಂಬಿಸಿದ್ದರಲ್ಲಿ ನಮ್ಮವರ ರಕ್ತವೂ ಇದೆ.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ಕಾಲೇಜಿನ ಗೆಳೆಯರೇ, ನಿಮ್ಮ ಓಣಿಯವರ ಕೈಗೆ ದೊಡ್ಡಾಸ್ಪತ್ರೆಯಲ್ಲಿ ಒಂದು ಕಾಗದ ಬಂದರೆ ಜೊತೆಗೆ ಹೋಗಿ. ಕಾನೂನು ಕೇಳುವ ಆ ಹೊರಗಿನ ಸಾಕ್ಷಿ ನೀವಾಗಿ. ಕಾಗದವನ್ನು ಗಟ್ಟಿಯಾಗಿ ಓದಿ, ಅವರ ಮಾತಿನಲ್ಲಿ ತಿಳಿಸಿ. ಇದು ಚಿಕಿತ್ಸೆಯೋ ಪ್ರಯೋಗವೋ, ಒಲ್ಲೆ ಅಂದರೆ ಏನಾಗುತ್ತದೆ, ಕೆಟ್ಟರೆ ಯಾರು ನೋಡುತ್ತಾರೆ, ಫಲ ಏನಾಯಿತೆಂದು ಯಾವಾಗ ತಿಳಿಸುತ್ತಾರೆ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಗುವವರೆಗೆ ಹೆಬ್ಬೆಟ್ಟಿಗೆ ಮಸಿ ಹಚ್ಚಲು ಬಿಡಬೇಡಿ.