ಕಾಲವಿಲ್ಲದ ವಾಕ್ಯ ಮತ್ತು ಓದುವ ಯಂತ್ರ: ಹೊಸಪೇಟೆ ಸೀಮೆಯ ನಿದರ್ಶನ

ಯಂತ್ರವು ಪಠ್ಯವನ್ನು ಓದಿ ತಾನೇ ಲೋಕಜ್ಞಾನವನ್ನು ಗಳಿಸಬಲ್ಲದೆಂಬ ವಿಚಾರದ ಚರಿತ್ರೆಯಲ್ಲಿ ಮಾರ್ಟಿ ಹರ್ಸ್ಟ್ ಅವರು 1992ರಲ್ಲಿ ಮಂಡಿಸಿದ ವಾಕ್ಯವಿನ್ಯಾಸಗಳು ಮುಖ್ಯ ಘಟ್ಟ. ‘ಹಂಪಿ, ಆನೆಗೊಂದಿ ಮೊದಲಾದ ಊರುಗಳು’ ಎಂಬಂಥ ರಚನೆಯಿಂದ ಹಂಪಿಯು ಒಂದು ಊರೆಂದು ನಿರ್ಣಯಿಸುವುದು ಆ ವಿಧಾನದ ತಿರುಳು. 2010ರ ಜನವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡವು ಚಾಲನೆ ನೀಡಿದ ‘ನೆಲ್’ ವ್ಯವಸ್ಥೆ ಇದನ್ನು ನಿರಂತರ ಕಲಿಕೆಯಾಗಿ ವಿಸ್ತರಿಸಿತು. ಒಂದು ಹೇಳಿಕೆಗೆ ಹಲವು ಕಡೆಗಳಿಂದ ಬೆಂಬಲ ದೊರೆತಷ್ಟೂ ಅದರ ಮೇಲಿನ ಭರವಸೆ ಹೆಚ್ಚುತ್ತಿತ್ತು. ಪುನರುಕ್ತಿಯೇ ಇಲ್ಲಿ ಪ್ರಮಾಣ.

ಈ ಪ್ರಮಾಣದ ಮಿತಿಯನ್ನು ಹೊಸಪೇಟೆ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಕೆಳಗಿನ ಎರಡು ವಾಕ್ಯಗಳನ್ನು ಗಮನಿಸಬೇಕು.

(1) ಹೊಸಪೇಟೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ.
(2) ಸಂಡೂರು ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ.

ರಚನೆಯಲ್ಲಿ ಇವೆರಡೂ ಒಂದೇ. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆಯೇ ಅದರ ಕೇಂದ್ರವಾದ ಮೇಲೆ ಮೊದಲನೆಯದು ಗತಕಾಲದ ಸಂಗತಿ. ಎರಡನೆಯದು ಇಂದಿಗೂ ಸತ್ಯ. ಹಾಗೆಂದು ಎರಡನೆಯದೂ ಸಾರ್ವಕಾಲಿಕವಲ್ಲ: 1949ರವರೆಗೆ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಹಿಂದೆ ಹೊಸಪೇಟೆ ತಾಲ್ಲೂಕಿಗೆ ಸೇರಿದ್ದ ಕಂಪ್ಲಿ ಈಗ ಬಳ್ಳಾರಿ ಜಿಲ್ಲೆಯಲ್ಲೇ ಉಳಿದು ಪ್ರತ್ಯೇಕ ತಾಲ್ಲೂಕಾಗಿದೆ. ಇಂಥಲ್ಲಿ ಹಳೆಯ ಬರಹಗಳ ಬಹುಮತವು ಯಂತ್ರವನ್ನು ದಾರಿ ತಪ್ಪಿಸುತ್ತದೆ.

ತೊಡಕಿಗೆ ವ್ಯಾಕರಣದ ಕಾರಣವೂ ಇದೆ. ಕನ್ನಡದ ನಾಮಾಖ್ಯಾತ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ. ಆದ್ದರಿಂದ ಕಾಲಸೂಚಕ ಪ್ರತ್ಯಯವೂ ಇಲ್ಲ. ‘ಆಗಿತ್ತು’ ಎಂದು ಸೇರಿಸಿದಾಗ ಮಾತ್ರ ಭೂತಕಾಲ ಗೋಚರಿಸುತ್ತದೆ. ಉಳಿದಂತೆ ವಾಕ್ಯವು ತನ್ನ ಕಾಲವನ್ನು ಬರೆದ ದಿನದಿಂದ ಪಡೆಯುತ್ತದೆ. ವಾಕ್ಯವನ್ನು ಸಂಗ್ರಹಿಸಿ ಬರೆದ ದಿನವನ್ನು ಕೈಬಿಟ್ಟರೆ ಅರ್ಥದ ಒಂದು ಅಂಗವೇ ಕಳೆದುಹೋಗುತ್ತದೆ. ಇಂಗ್ಲಿಷಿನ ವರ್ತಮಾನ ರೂಪಕ್ಕೂ ಈ ಅಪಾಯವಿದೆ. ಆದರೆ ಅಲ್ಲಿ ಕಾಲಸೂಚನೆ ಕಡ್ಡಾಯ, ಕನ್ನಡದಲ್ಲಿ ಐಚ್ಛಿಕ.

‘ವಿಜಯನಗರ’ ಎಂಬ ನಾಮವು ಸಮಸ್ಯೆಯನ್ನು ಇಮ್ಮಡಿಗೊಳಿಸುತ್ತದೆ. ಅದು ಸಾಮ್ರಾಜ್ಯ, ಹಂಪಿಯಲ್ಲಿ ಅವಶೇಷಗಳು ಉಳಿದಿರುವ ರಾಜಧಾನಿ, ಬೆಂಗಳೂರಿನ ಬಡಾವಣೆ, ಇಂದಿನ ಜಿಲ್ಲೆ ಎಲ್ಲವನ್ನೂ ಸೂಚಿಸಬಲ್ಲದು. ‘ವಿಜಯನಗರದ ಕೇಂದ್ರ’ ಯಾವುದೆಂಬುದಕ್ಕೆ ಕಾಲವನ್ನು ಅನುಸರಿಸಿ ಹಂಪಿಯೂ ಉತ್ತರ, ಹೊಸಪೇಟೆಯೂ ಉತ್ತರ.

2018ರ ಅನಂತರದ ಬಹುಭಾಷಾ ಮಾದರಿಗಳು ಕನ್ನಡವನ್ನೂ ಓದುತ್ತವೆ. ಆದರೆ ಹೇಳಿಕೆಗಳನ್ನು ಬಿಡಿಬಿಡಿಯಾಗಿ ದಾಖಲಿಸದ ಕಾರಣ ಹಳತನ್ನು ಗುರುತಿಸಿ ತಿದ್ದುವುದು ಅಲ್ಲಿ ಇನ್ನೂ ಕಠಿಣ. ಆದಕಾರಣ ಕನ್ನಡ ಪಠ್ಯಕೋಶ ಕಟ್ಟುವವರು ಪ್ರತಿ ಪಠ್ಯದ ರಚನಾಕಾಲವನ್ನು ದಾಖಲಿಸುವುದು, ಕ್ರಿಯಾಪದರಹಿತ ವಾಕ್ಯಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಅಗತ್ಯ. ಈ ಕೆಲಸಕ್ಕೆ ಬೇಕಾದ ವಿವೇಕವನ್ನು ಒದಗಿಸಬೇಕಾದದ್ದು ಕನ್ನಡ ವ್ಯಾಕರಣದ ಅಧ್ಯಯನವೇ.